ಮಹಂತೇಶನಿಗೊಂದು ಜ್ವರ ಬೇಕಿತ್ತು

ಅವತ್ತು ಸಂಜೆ ಐದರೊಳಗೆ ಮಹಂತೇಶನಿಗೆ ಒಂದು ಜ್ವರ ಬೇಕಿತ್ತು. ಸ್ವಂತಕ್ಕಲ್ಲ, ಆಫೀಸಿಗೆ.

ಶೀತಜ್ವರಕ್ಕೆ ನೆಲಬೇವಿನ ಮಾತ್ರೆ ನಿಜವಾಗಿ ಕೆಲಸ ಮಾಡುತ್ತದೋ ಇಲ್ಲವೋ ಎಂದು ಅವನು ನೌಕರಿಗಿದ್ದ ಕ್ಲಿನಿಕ್ಕಿನಲ್ಲಿ ಪರೀಕ್ಷೆ ನಡೆದಿತ್ತು. ಅರ್ಧ ಜನಕ್ಕೆ ನೆಲಬೇವು, ಉಳಿದರ್ಧಕ್ಕೆ ಹಾಗೇ ಕಾಣುವ ಬರೀ ಹಿಟ್ಟಿನ ಮಾತ್ರೆ. ಯಾರಿಗೆ ಯಾವುದೆಂದು ಕೊಟ್ಟವರಿಗೂ ಗೊತ್ತಿಲ್ಲ. ರೋಗಿಗಳನ್ನು ಹುಡುಕಿ ತರುವುದು ಮಹಂತೇಶನ ಕೆಲಸ. ನೂರಿಪ್ಪತ್ತರಲ್ಲಿ ಒಬ್ಬರು ಕಡಿಮೆಯಿದ್ದರು.

"ಜ್ವರ ನಿನ್ನೆ ಇವತ್ತಿನದಾಗಿರಬೇಕು, ಯಾವ ಔಷಧಿಯನ್ನೂ ಮುಟ್ಟಿರಬಾರದು. ಸಿಗಲಿಲ್ಲ ಅಂದ್ರೆ ನಿನ್ನ ಕೆಲಸ ಮುಂದುವರಿಸೋದು ಕಷ್ಟ" ಎಂದಿದ್ದರು ಪರೀಕ್ಷೆ ನಡೆಸುತ್ತಿದ್ದ ಡಾಕ್ಟರ್ ಅಹಲ್ಯಾ.

ಡಿಸೆಂಬರಿನಲ್ಲಿ ಇಡೀ ಲಕ್ಷ್ಮೀ ನಗರವೇ ಸೀನುತ್ತಿರುವಾಗ ಒಂದು ಜ್ವರಕ್ಕೆ ಬರವೇ? ಆದರೆ ಅವನಿದ್ದ ಕಟ್ಟಡದ ಮೊದಲ ಮಹಡಿಯಲ್ಲಿ ಕೊಡಗಿನ ಸರಸು ಆಂಟಿ ಇದ್ದರು. ಯಾರಾದರೂ ಮೂಗೆಳೆದರೆ ಸಾಕು, ಮತ ಕೇಳುವ ಅಭ್ಯರ್ಥಿಯಂತೆ ಬಾಗಿಲಲ್ಲಿ ಹಾಜರು. ಕೈಯಲ್ಲಿ ನೆಲಬೇವಿನದೇ ಕಷಾಯ.

ಮಹಂತೇಶ ಮೂರನೇ ಮಹಡಿಗೆ ಓಡಿದ. ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದ ಪವನ್ ಬಾಗಿಲು ತೆರೆದವನೇ ಅವನ ಮುಖಕ್ಕೇ ಸೀನಿದ.

"ಭಲೇ! ಜ್ವರ ಇದೆಯೇನೋ?"

"ಇತ್ತು ಭಯ್ಯಾ. ಬೆಳಿಗ್ಗೆ ಆಂಟಿ ಕಷಾಯ ಕುಡಿಸಿದ್ರು."

ಎದುರು ಮನೆಯ ಹರಿಣಿಯೂ ಸೀನಿದಳು. ಅವಳಿಗೆ ನಿನ್ನೆಯೇ ಎರಡು ಲೋಟ ಆಗಿತ್ತು. ಮಧ್ಯಾಹ್ನದ ಹೊತ್ತಿಗೆ ಏಳು ಜನ ಮಹಂತೇಶನ ಮೇಲೆ ಸೀನಿದ್ದರು. ಏಳು ಜನರ ಬಾಯಿಯೂ ಕಹಿಯಾಗಿತ್ತು.

ಸೋತು ಮೆಟ್ಟಿಲಿಳಿಯುವಾಗ ಯಾರೋ ಅವನ ತೋಳು ಹಿಡಿದೆಳೆದರು. ಸರಸು ಆಂಟಿಯ ಗಂಡ, ನಿವೃತ್ತ ಸುಬೇದಾರ್ ಅಚ್ಚಯ್ಯ. ಮಂಕಿ ಕ್ಯಾಪಿನೊಳಗೆ ಕಣ್ಣುಗಳು ಕೆಂಪಗಿದ್ದವು.

"ನಿನಗೆ ಜ್ವರ ಬೇಕಂತೆ? ನನಗೆ ನಿನ್ನೆ ರಾತ್ರಿಯಿಂದ ಇದೆ. ನಮ್ಮವಳಿಗೆ ಹೇಳಿಲ್ಲ. ಗುಂಡಿಗೆ ಎದೆಯೊಡ್ಡಿಯೇನು, ಆ ಕಷಾಯಕ್ಕಲ್ಲ!"

ಮಹಂತೇಶನಿಗೆ ಅವರ ಕಾಲಿಗೆ ಬೀಳಬೇಕೆನಿಸಿತು. "ಚಲೋ, ಮೊದಲು ಇಲ್ಲಿಂದ ಪಾರಾಗೋಣ" ಎಂದರು ಸುಬೇದಾರರು. ಇಬ್ಬರೂ ಹಿಂಬಾಗಿಲಿನಿಂದ ನುಸುಳಿ ಇ-ರಿಕ್ಷಾ ಹತ್ತಿದರು.

ಕ್ಲಿನಿಕ್ಕಿನಲ್ಲಿ ಥರ್ಮಾಮೀಟರ್ ನೂರೊಂದು ತೋರಿಸಿತು. ಮಹಂತೇಶ ಇಷ್ಟು ಸಂತೋಷದಿಂದ ಯಾರ ಜ್ವರವನ್ನೂ ಬರೆದುಕೊಂಡಿರಲಿಲ್ಲ. ಅಚ್ಚಯ್ಯ ಸಹಿಗೆ ಪೆನ್ನು ಎತ್ತುವಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಫಿರಂಗಿಗಳ ಪಕ್ಕ ಮೂವತ್ತು ವರ್ಷ ನಿಂತ ಕಿವಿ. ಫೋನು ಯಾವಾಗಲೂ ಸ್ಪೀಕರಿನಲ್ಲೇ.

"ಜ್ವರ ಇಟ್ಕೊಂಡು ಎಲ್ಲಿಗೆ ಹೋದ್ರಿ?" ಸರಸು ಆಂಟಿಯ ದನಿ ಕೋಣೆ ತುಂಬಿತು. "ಹೇಳ್ದಿದ್ರೆ ಗೊತ್ತಾಗಲ್ವಾ ನನಗೆ? ಬೆಳಿಗ್ಗೆ ಕಾಫಿಗೇ ಕಷಾಯ ಬೆರೆಸಿ ಕೊಟ್ಟಿದ್ದೀನಿ."

ಸುಬೇದಾರರು ಪೆಚ್ಚಾದರು. "ಜ್ವರದ ಬಾಯಿಗೆ ಎಲ್ಲಾ ಕಹಿ ಅಂದ್ಕೊಂಡೆನಲ್ಲಪ್ಪಾ!"

ಮಹಂತೇಶ ಕುರ್ಚಿಯಲ್ಲಿ ಕುಸಿದ. ಆದರೆ ಡಾಕ್ಟರ್ ಅಹಲ್ಯಾ ಫೋನಿನತ್ತ ಬಾಗಿದರು. "ಅಮ್ಮಾ, ಯಾರಿಗೆ ಜ್ವರ ಅಂತ ನಿಮಗೆ ಅವರಿಗಿಂತ ಮೊದಲೇ ಗೊತ್ತಾಗುತ್ತಾ?"

"ಮುಖ ನೋಡಿದ್ರೆ ಸಾಕು."

"ಹಾಗಾದ್ರೆ ಕಷಾಯ ಕೊಡೋ ಬದಲು ನಮಗೊಂದು ಫೋನ್ ಮಾಡ್ತೀರಾ? ನಿಮ್ಮ ನೆಲಬೇವು ನಿಜವಾಗಿ ಕೆಲಸ ಮಾಡುತ್ತಾ ಅಂತ ನೋಡೋಣ. ನಾನು ಮೇಲಿನವರಿಗೆ ಹೇಳಿ ಇನ್ನೊಂದು ವಾರ ಸಮಯ ತಗೋತೀನಿ."

"ಆಯ್ತು. ಅದು ಗೆದ್ದೇ ಗೆಲ್ಲುತ್ತೆ."

ಮಹಂತೇಶನ ಕೆಲಸ ಒಂದು ವಾರ ಉಳಿಯಿತು. ಹಗುರಾದ ಮನಸ್ಸಿನಿಂದ ಮನೆಗೆ ಬಂದವನು ಮೊದಲ ಮಹಡಿ ದಾಟುವಾಗ ಸೀನಿದ. ಮತ್ತೊಮ್ಮೆ ಸೀನಿದ. ಬಾಗಿಲು ತೆರೆಯಿತು.

"ಆಂಟಿ, ನನಗೆ ಕೊಡಬಾರದು! ಪರೀಕ್ಷೆ ಇದೆ!"

"ಡಾಕ್ಟರನ್ನೇ ಕೇಳಿದೆ ಮಗಾ. ನೀನು ಅಲ್ಲಿಯ ನೌಕರ, ನಿನ್ನನ್ನ ಪರೀಕ್ಷೆಗೆ ಸೇರಿಸೋ ಹಾಗಿಲ್ಲವಂತೆ." ಆಂಟಿ ಅಕ್ಕರೆಯಿಂದ ಲೋಟ ಮುಂದೆ ಹಿಡಿದರು. "ಇಡೀ ಕಟ್ಟಡದಲ್ಲಿ ಇನ್ನು ಹೊಸದಾಗಿ ಸೀನುವವರಲ್ಲಿ ನಾನು ಕಷಾಯ ಕೊಡಬಹುದಾದವನು ನೀನೊಬ್ಬನೇ. ಒಳಗೆ ಪಾತ್ರೆ ತುಂಬಾ ಇದೆ."