ಕಂಬಳಿಯಷ್ಟು ಬಾಳಬೇಕಿದ್ದ ಪೆಟ್ಟಿಗೆ

"ಈ ಸೆಟ್ ನನ್ನ ಮೊಮ್ಮಕ್ಕಳ ಮದವ್ಯಾಗೂ ಒದರತೈತಿ! ಒದರಲಿಲ್ಲಂದ್ರ ನನ್ನ ಹೆಸರ ಮಾಲಿಂಗಪ್ಪನ ಅಲ್ಲ!"

ಮೂಡಲಗಿಯ ಭಜನಾ ಮೇಳದವರ ಎದುರು ಮಾಲಿಂಗಪ್ಪ ಹೀಗೆ ಪ್ರತಿಜ್ಞೆ ಮಾಡಿದಾಗ, ಮೊಮ್ಮಕ್ಕಳ ಮಾತಿರಲಿ, ಅವನ ಹಿರಿಮಗನ ಹಾಲುಹಲ್ಲು ಕೂಡ ಬಿದ್ದಿರಲಿಲ್ಲ. ಅವನ ಧೈರ್ಯವೇ ಹಾಗೆ. ಬಿತ್ತುವ ಮೊದಲೇ ರಾಶಿಯ ಕಣ ಸಾರಿಸಿಡುವ ಮನುಷ್ಯ! ಈಗ ಅವನಿಲ್ಲ; ಹೋದ ದೀಪಾವಳಿಯ ಹಟ್ಟಿಹಬ್ಬದ ಮುಂಚೆ ಹೊರಟುಹೋದ. ಅವನ ಕಥೆಯನ್ನು ಅಳುತ್ತ ಹೇಳಿದರೆ ಅವನಿಗೇ ಸೇರುವುದಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಹೇಳುವುದೇ ಮೇಲು.

ಸೆಟ್ ಎಂದರೆ ಧ್ವನಿವರ್ಧಕ. ಒಳಗೆ ಗಾಜಿನ ವಾಲ್ವುಗಳು ಕೆಂಪಗೆ ಉರಿಯುವ ಒಂದು ಆಂಪ್ಲಿಫಾಯರು, ಒಂದು ಮೈಕು, ಒಂದು ಬ್ಯಾಟರಿ, ದನಿ ಹೊರಗೆ ಬರಲು ಮರದ ಒಂದು ಸ್ಪೀಕರ್ ಪೆಟ್ಟಿಗೆ. ಮೇಳದವರೆಲ್ಲ ಪಟ್ಟಿ ಹಾಕಿ, ಹಣ ಕೂಡಿಸಿ ಕೊಂಡದ್ದು. ಅದು ಯಾರ ಮನೆಯಲ್ಲಿರಬೇಕು ಎಂಬ ಜಗಳ ಒಂದು ಭಜನೆಯನ್ನೇ ನುಂಗಿದ ಮೇಲೆ, ಹಾರ್ಮೋನಿಯಂ ಬಾರಿಸುವ ಹಿರಿಯ ಕಲ್ಲಪ್ಪ ತೀರ್ಪು ಕೊಟ್ಟ.

"ಮಾಲಿಂಗಾ, ನಿನ್ನ ಮನ್ಯಾಗ ಇರ್ಲಿ. ಆದ್ರ ನಿನ್ನ ಕೈಯಾಗ ಒಂದ ಸಲ ಕೆಟ್ಟಿತಂದ್ರ, ಸೀದಾ ಉದ್ದಪ್ಪನ ಮನಿಗಿ ಹೊಕ್ಕೈತಿ ನೋಡು."

ತಾಳ ಹಾಕುವ ಉದ್ದಪ್ಪ ಅಲ್ಲಿಯೇ ಕೂತು ಮೀಸೆಯಲ್ಲಿ ನಕ್ಕ. ಆ ನಗು ಮಾಲಿಂಗಪ್ಪನ ಎದೆಗೆ ನಾಟಿತು. ಸೆಟ್ಟು ಉದ್ದಪ್ಪನ ಮನೆಗೆ ಹೋಗುವುದೆಂದರೆ ಮನೆದೇವರನ್ನೇ ಎತ್ತಿ ಕೊಟ್ಟ ಹಾಗೆ!

ಅಂದಿನಿಂದ ಸೆಟ್ಟಿಗೆ ದೇವರ ಜಗುಲಿಯ ಬಾಜೂಕ್ಕೆ ಪೀಠ. ಅದರ ಮುಂದೆ ಮಕ್ಕಳು ಕೆಮ್ಮುವಂತಿಲ್ಲ, ಬೆಕ್ಕು ಬಾಲ ಎತ್ತುವಂತಿಲ್ಲ. ಹೆಂಡತಿ ಫಕೀರವ್ವ ಒಂದು ದಿನ ಮೆಲ್ಲಗೆ ಕೇಳಿದಳು: "ನಾನೂ ಒಂದ ಪದಾ ಹಾಡ್ಲೇನ್ರಿ ಮೈಕಿನ್ಯಾಗ?"

ಫಕೀರವ್ವನ ದನಿ ಸಾಮಾನ್ಯದ್ದಲ್ಲ. ಘಟಪ್ರಭೆಯ ಈ ದಂಡೆಯಲ್ಲಿ ನಿಂತು ಆಕೆ ಕೂಗಿದರೆ ಆಚೆ ದಂಡೆಯ ಕುರಿಗಳು ತಲೆ ಎತ್ತುತ್ತಿದ್ದವು. ಅವು ಬೇರೆಯವರ ಕುರಿಗಳಾದರೂ!

"ಹುಚ್ಚೀ!" ಎಂದು ಮಾಲಿಂಗಪ್ಪ ಹೌಹಾರಿದ. "ನಿನ್ನ ದನಿ ಬಡದ್ರ ಒಳಗಿನ ಕಾಗದ ಹರದ ಹೊಕ್ಕೈತಿ. ಸೆಟ್ ಬಾಳಬೇಕೋ ಬ್ಯಾಡೋ? ನೀ ಕುರಿ ಕರಿ, ಸಾಕು."

ಫಕೀರವ್ವ ಮೈಕಿನತ್ತ ಒಮ್ಮೆ ನೋಡಿ ಕುರಿಗಳ ಕಡೆ ನಡೆದಳು. ಮಾಲಿಂಗಪ್ಪ ಅದನ್ನು ಒಪ್ಪಿಗೆ ಎಂದು ತಿಳಿದ.

ಮಳೆಗಾಲ ಬಂತು. ಸೆಟ್ಟು ನೆಗಡಿ ಹಿಡಿದ ಮುದುಕನಂತೆ ಗೊರಗೊರ ಎನ್ನತೊಡಗಿತು. ಮಾಲಿಂಗಪ್ಪ ಪೆಟ್ಟಿಗೆ ಬಿಚ್ಚಿ ನೋಡಿದ. ಕೇಳಿ ಮಾತ್ರ ಬಲ್ಲ ಆ ಕಾಗದ ಒಳಗೆ ಲಾಳಿಕೆಯಂತೆ ಕೂತಿತ್ತು. ದನಿ ಹೊರಡುವುದು ಅದರಿಂದಲೇ. ಥಂಡಿಗೆ ಅದು ಮೆತ್ತಗಾಗಿತ್ತು. ಇಡೀ ಸೆಟ್ಟಿನ ಪ್ರಾಣ ಇಷ್ಟು ತೆಳ್ಳನೆಯ ಕಾಗದದ ಮೇಲಿದೆಯೇ! ಆ ಕ್ಷಣ ಅವನೊಳಗೆ ಅವನ ಕುಲದ ಜ್ಞಾನವೆಲ್ಲ ಎದ್ದು ನಿಂತಿತು.

ಅವನದು ಕಂಬಳಿ ನೇಯುವ ಮನೆ. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ಅರೆದು ಕುದಿಸಿದರೆ ಅಂಟಾದ ಒಂದು ಗಂಜಿಯಾಗುತ್ತದೆ. ಅದಕ್ಕೆ ಸರಿ ಎನ್ನುತ್ತಾರೆ. ಕಂಬಳಿಗೆ ಸರಿ ಹಚ್ಚಿ ಬಿಸಿಲಿಗೆ ಹಾಕಿದರೆ ಅದು ತನ್ನಷ್ಟಕ್ಕೆ ತಾನೇ ಸೆಟೆದು ನಿಲ್ಲುತ್ತದೆ. ಮಳೆ ಬಂದರೂ ಮೇಲಿಂದಲೇ ಜಾರಿ ಹೋಗಬೇಕು.

"ನಮ್ಮ ಅಪ್ಪನ ಕಂಬಳಿ ಇನ್ನೂ ಬಾಳಾಕತ್ತೈತಿ. ಇದ್ಯಾಕ ಬಾಳೂದಿಲ್ಲ?" ಎಂದು ಮಾಲಿಂಗಪ್ಪ ಒಲೆ ಹೊತ್ತಿಸಿದ. ಕಾಗದಕ್ಕೆ ಒಂದು ಕೈ ಸರಿ ಹಚ್ಚಿದ. ಮನಸ್ಸು ತುಂಬಲಿಲ್ಲ. ಮತ್ತೊಂದು ಕೈ. ಉಳಿದದ್ದನ್ನು ಚೆಲ್ಲಬಾರದೆಂದು ಇನ್ನೊಂದು ಕೈ!

ಫಕೀರವ್ವ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. "ಅದು ನಡಗಿದ್ರ ದನಿ ಬರತೈತಿ ಅಂತ ನೀವ ಹೇಳಿದ್ರಲ್ಲ? ನಡಗದಂಗ ಮಾಡಿದ್ರ ಏನ ಒದರತೈತ್ರಿ?"

"ಥಂಡಿಗೆ ನಡಗತಿತ್ತ ಪಾಪ. ಈಗ ಕಂಬಳಿ ಹೊಚ್ಚಿದಂಗ ಬೆಚ್ಚಗಾತು!"

ಮಳೆ ಒಂದಿಷ್ಟು ಹೊಳವಾಗಿ ಬಿಸಿಲು ಬಿದ್ದಿತ್ತು. ಮಾಲಿಂಗಪ್ಪ ಆ ಕಾಗದವನ್ನು ಅದರ ಕಬ್ಬಿಣದ ಬಳೆಯ ಸಮೇತ ಪೆಟ್ಟಿಗೆಯಿಂದ ಬಿಚ್ಚಿ ಅಂಗಳದಲ್ಲಿ ಒಣಗಲಿಟ್ಟು, ನಾಳಿನ ಪ್ರಯಾಣಕ್ಕೆ ಧೋತರ ಮಡಚಲು ಒಳಗೆ ಹೋದ. ಮರುದಿನ ಬೆಲ್ಲದ ಬಾಗೇವಾಡಿಯಲ್ಲಿ ಅವನ ತಂಗಿ ಶಂಕ್ರವ್ವನ ಮಗಳ ಮದುವೆ. ಮೇಳವೆಲ್ಲ ಹೊರಟಿತ್ತು. "ನಮ್ಮ ಸೆಟ್ಟಿನ ಆವಾಜ ಹುಕ್ಕೇರಿ ಮಟಾ ಕೇಳತೈತಿ" ಎಂದು ಬೀಗರಿಗೆ ಅವನು ಹೇಳಿ ಕಳಿಸಿಯಾಗಿತ್ತು.

ಹೊರಗೆ ಬಂದಾಗ ಕರಿ ಆಡು ಅಂಗಳದಲ್ಲಿ ನಿಂತು ಬಾಯಿ ಒರೆಸಿಕೊಳ್ಳುವವರಂತೆ ನಾಲಗೆ ಆಡಿಸುತ್ತಿತ್ತು. ಹುರಿದ ಹುಣಸೆ ಬೀಜದ ಘಮ ಅದಕ್ಕೆ ಪ್ರಾಣ. ನೆಲದ ಮೇಲೆ ಕಬ್ಬಿಣದ ಬಳೆ ಇತ್ತು, ಹಿಂದಿನ ಅಯಸ್ಕಾಂತ ಇತ್ತು. ಕಾಗದ ಇರಲಿಲ್ಲ!

ಮಾಲಿಂಗಪ್ಪ ಆಡಿನ ಹೊಟ್ಟೆ ಹಿಡಿದು ಬಗ್ಗಿದ.

"ಏನ ಕೇಳಸ್ತೈತ್ರಿ ಒಳಗ?" ಎಂದಳು ಫಕೀರವ್ವ. "ಭಜನೀನೋ, ಸೋಬಾನ ಪದಾನೋ?"

"ಉದ್ದಪ್ಪನ ಮನಿಗಿ ಹೋತು ಫಕೀರವ್ವ! ಸೆಟ್ ಉದ್ದಪ್ಪನ ಮನಿಗಿ ಹೋತು!"

ಹೊಸ ಕಾಗದ ಬೆಳಗಾವಿಯಿಂದ ಬರಬೇಕು, ಮದುವೆ ನಾಳೆ. ಮಾಲಿಂಗಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. ಆದರೆ ಅಂಥ ಧೈರ್ಯ ಎಷ್ಟು ಹೊತ್ತು ಕುಳಿತೀತು? ಖಾಲಿ ಪೆಟ್ಟಿಗೆಯನ್ನು ದಿಟ್ಟಿಸಿದ. ಮುಂದೆ ಬಟ್ಟೆ, ಹಿಂದೆ ಬಯಲು, ನಡುವೆ ತೂತು. ಆಮೇಲೆ ಹೆಂಡತಿಯನ್ನು ದಿಟ್ಟಿಸಿದ.

"ಫಕೀರವ್ವ... ನೀ ಅವತ್ತ ಹಾಡ್ತೇನಿ ಅಂದಿದ್ದಿ ಅಲ್ಲ?"

"ನನ್ನ ದನಿಗೆ ಕಾಗದ ಹರಿತೈತಿ ಅಂದಿದ್ರಿ?"

"ಈಗ ಹರಿಯಾಕ ಕಾಗದನ ಇಲ್ಲಲ್ಲ!"

ಮರುದಿನ ಬಾಗೇವಾಡಿಯಲ್ಲಿ ಮಾಲಿಂಗಪ್ಪ ಸ್ಪೀಕರ್ ಪೆಟ್ಟಿಗೆಯನ್ನು ಅಂಗಳದ ಕಡೆಯ ಕಿಟಕಿಯಲ್ಲಿ ಕೂರಿಸಿದ. ಕಿಟಕಿಯ ಹಿಂದೆ ಕಾಳಿನ ಕೋಣೆ. ಕೋಣೆಯಲ್ಲಿ, ಜೋಳದ ಚೀಲದ ಮೇಲೆ, ಪೆಟ್ಟಿಗೆಯ ಬೆನ್ನಿಗೆ ಬಾಯಿ ಹಚ್ಚಿಕೊಂಡು ಫಕೀರವ್ವ! ಬೀಗರ ಕಡೆಯ ಹಿರಿಯಳು ಶೆಟ್ಟೆವ್ವ ಮೈಕಿನ ಮುಂದೆ ಕೂತು ಸೋಬಾನ ಎತ್ತಿದಳು. ಒಳಗಿನಿಂದ ಫಕೀರವ್ವ ಕೂಡಿಕೊಂಡಳು. ಚಪ್ಪರದ ತೋರಣ ಅಲುಗಿತು!

"ಭಲೇ!" ಎಂದ ಕಲ್ಲಪ್ಪ. "ಮಳಿಗಾಲದಾಗೂ ಎಷ್ಟ ಸ್ವಚ್ಛ ಐತ್ಲೇ ಆವಾಜ! ಏನ ಮಾಡೀಯೋ?"

"ನಮ್ಮ ಮನಿ ವಿದ್ಯಾ ಕಾಕಾ," ಎಂದು ಮಾಲಿಂಗಪ್ಪ ಆಂಪ್ಲಿಫಾಯರಿನ ಗುಂಡಿ ತಿರುವುತ್ತ ಎದೆಯುಬ್ಬಿಸಿದ. "ಸರಿ ಹಚ್ಚೇನಿ."

ಉದ್ದಪ್ಪನ ಮುಖ ಹಿಪ್ಪೆಯಾಯಿತು. ಮಾಲಿಂಗಪ್ಪನ ಜನ್ಮದಲ್ಲಿ ಅಂಥ ಸುಖದ ಗಳಿಗೆ ಹಿಂದೆ ಬಂದಿರಲಿಲ್ಲ.

ಅಷ್ಟರಲ್ಲಿ ಶೆಟ್ಟೆವ್ವ ಹಾಡು ನಿಲ್ಲಿಸಿ ಎಲೆಅಡಿಕೆ ಬಾಯಿಗೆ ಹಾಕಿಕೊಂಡಳು. ಪೆಟ್ಟಿಗೆ ನಿಲ್ಲಿಸಲಿಲ್ಲ! ಎಷ್ಟೋ ದಿನ ತಡೆಹಿಡಿದ ದನಿ ಅದು. ನುಡಿಯ ಮೇಲೆ ನುಡಿ ಬರುತ್ತಲೇ ಇತ್ತು. ಮಾಲಿಂಗಪ್ಪ ಗುಂಡಿಯನ್ನು ಪೂರ್ತಿ ಹಿಂದಕ್ಕೆ ತಿರುವಿದ. ದನಿ ಇನ್ನೂ ಏರಿತು. ಕೆಮ್ಮಿದ. ಕೆಮ್ಮು ಅದರಲ್ಲಿ ಮುಳುಗಿಹೋಯಿತು.

ಶೆಟ್ಟೆವ್ವ ಅಗಿಯುವುದನ್ನು ಬಿಟ್ಟು ಮೈಕಿನಿಂದ ದೂರ ಸರಿದಳು. "ಯವ್ವಾ, ನಾ ಹಾಡದಿದ್ರೂ ನನ್ನ ಪದಾ ಹಾಡಾಕತ್ತೈತಿ! ಇದಕ ದೆವ್ವ ಬಡದೈತೇನ?"

ಉದ್ದಪ್ಪ ಬಗ್ಗಿ ನೋಡಿದ. "ಲೇ ಮಾಲಿಂಗ್ಯಾ, ಬ್ಯಾಟರಿ ವಾಯರ್ ಹಚ್ಚೇ ಇಲ್ಲಲೋ!"

ಮಾಲಿಂಗಪ್ಪ ಆಗಲೂ ಸೋಲಲಿಲ್ಲ. "ಸರಿ ಹಚ್ಚಿದ ಸೆಟ್ಟಿಗೆ ಬ್ಯಾಟರಿ ಯಾತಕ್ಕ ಬೇಕ?"

ಪೆಟ್ಟಿಗೆ ಹಾಡು ನಿಲ್ಲಿಸಿತು. ಒಂದು ಉಸಿರು ಎಳೆಯಿತು. ಚಪ್ಪರವೆಲ್ಲ ಕಿವಿಯಾಯಿತು.

"ಏನ್ರಿ," ಎಂದಿತು ಪೆಟ್ಟಿಗೆ, "ಒಂದ ತಂಬಿಗಿ ನೀರ ಕೊಡ್ರಿ! ಗಂಟಲ ಒಣಗೇತಿ!"

"ಅಯ್ಯ, ಇದು ನಮ್ಮ ವೈನಿ ದನಿ!" ಎಂದು ಶಂಕ್ರವ್ವ ಅತ್ತಿಗೆಯ ಗುರುತು ಹಿಡಿದು ಕೂಗಿದಳು.

ಮುಂದಿನದನ್ನು ನೋಡಿದವರು ಈಗಲೂ ಪೂರ್ತಿ ಹೇಳಲಾರರು, ನಡುವೆಯೇ ನಗು ಬರುತ್ತದೆ. ಮದುಮಗನ ಬಾಸಿಂಗ ನಕ್ಕು ನಕ್ಕು ಓರೆಯಾಯಿತು. ಆಡಿನ ಸಂಗತಿಯೂ ಹೊರಬಿತ್ತು. ಉದ್ದಪ್ಪ ಅಲ್ಲಿಯೇ ಪೆಟ್ಟಿಗೆಗೆ ಕೈ ಹಾಕಿದ.

"ತಡಿಯಪಾ," ಎಂದು ಕಲ್ಲಪ್ಪ ಕಣ್ಣೊರೆಸಿಕೊಂಡ. "ಸೆಟ್ ಕೆಟ್ಟಿದ್ದು ಮಾಲಿಂಗನ ಕೈಯಾಗ. ಮ್ಯಾಳದ ಮಾನಾ ಉಳಿಸಿದಾಕಿ ಫಕೀರವ್ವ. ಸೆಟ್ ಅದ ಮನ್ಯಾಗ ಇರ್ಲಿ, ಕಾವಲ ಮಾತ್ರ ಆಕಿಗೆ. ಇನ್ನ ಮ್ಯಾಲ ಮಾಲಿಂಗಾ ಅದನ್ನ ಮುಟ್ಟಬೇಕಾದ್ರ ಆಕೀನ್ನ ಕೇಳಿ ಮುಟ್ಟಬೇಕು."

ಹೊಸ ಕಾಗದ ಬಂತು. ಮೊದಲ ಪದ ಫಕೀರವ್ವನದೇ. ಅದು ಹರಿಯಲಿಲ್ಲ. ಅಂದಿನಿಂದ ಜಗುಲಿಯ ಹತ್ತಿರ ಮಾಲಿಂಗಪ್ಪ ಸುಳಿದರೆ ಸಾಕು, ಒಳಗಿನಿಂದ ಪ್ರಶ್ನೆ ಬರುತ್ತಿತ್ತು: "ಕೈಯಾಗೇನೈತ್ರಿ? ಸರಿ ಗಿರಿ ಇಲ್ಲಲ್ಲ?" ಅವನು ಎರಡೂ ಅಂಗೈ ತೋರಿಸಿ ಒಳಗೆ ಹೋಗಬೇಕು.

ಸೆಟ್ಟು ಈಗಲೂ ಚೆನ್ನಾಗಿದೆ. ಮಾಲಿಂಗಪ್ಪ ತೀರಿಕೊಂಡ ಮೇಲೆ ಅವನ ದಿನಕರ್ಮದ ಭಜನೆಗೂ ಅದನ್ನೇ ಹಚ್ಚಿದ್ದರು. ಅಂದು ಫಕೀರವ್ವ ಅದರ ಬಾಜೂಕ್ಕೆ ಕೂತು, ಅವನ ಕಂಬಳಿಯ ಸೆಟೆದ ಅಂಚನ್ನು ಬೆರಳಿನಿಂದ ತೀಡುತ್ತ ಅಂದಳು:

"ಕಂಡಕಂಡದ್ದಕ್ಕೆಲ್ಲ ಸರಿ ಹಚ್ಚಿದ್ರು. ತಮಗೊಂದ ಹಚ್ಚಿಕೊಳ್ಳಲಿಲ್ಲ ನೋಡ್ರಿ."