ನನ್ನ ಸ್ಕೂಟರ್ ಬಸ್ಸಾಗಿದ್ದ ದಿನಗಳು

ಸರ್ಕಾರ ಅಚ್ಚು ಹಾಕಿದ ಯಾವ ಕಾರ್ಡಿನಲ್ಲೂ ನಮ್ಮ ಮನೆಯವರ ವಿಷಯ ಒಂದೇ ಸಲಕ್ಕೆ ಸರಿಯಾಗಿ ಬಂದದ್ದಿಲ್ಲ. ರೇಷನ್ ಕಾರ್ಡಿನಲ್ಲಿ ಅಜ್ಜಿ ಅಪ್ಪನಿಗಿಂತ ಚಿಕ್ಕವರು. ತಿದ್ದಿಸೋಣ ಅಂದರೆ ಅಜ್ಜಿಯೇ ಕೊನೆಯವರೆಗೂ ಒಪ್ಪಲಿಲ್ಲ. ಹಾಗಾಗಿ ನಾನು ಸ್ಕೂಟರ್ ಕಲಿತಾಗಲೇ, ಏನೋ ಒಂದು ಆಗದೆ ಇರುವುದಿಲ್ಲ ಅಂತ ಗೊತ್ತಿತ್ತು.

ಕಷ್ಟ ಏನೆಂದರೆ, ನಾನು ಕೌಂಟರಿನ ಮುಂದೆ ಬಾಯಿಬಿಡುವವಳಲ್ಲ. ಸ್ಕೂಲಿನಲ್ಲಿ ಇಂಗ್ಲಿಷ್, ಬೀದಿಯಲ್ಲಿ ತಮಿಳು, ಮನೆಯಲ್ಲಿ ಕನ್ನಡ. ಕಿಟಕಿಯ ಆಚೆಯಿಂದ ಯಾರಾದರೂ ತಲೆಯೆತ್ತಿ ನೋಡಿದರೆ ಸಾಕು, ಮೂರೂ ಭಾಷೆ ಒಟ್ಟಿಗೆ ರಜೆ ಹಾಕುತ್ತವೆ. ಮುಂದೆ ಬರುವ ಆಫೀಸಿನವರೆಲ್ಲ ಮಾತಾಡಿದ್ದು ತಮಿಳಿನಲ್ಲೇ. ನಮ್ಮ ಮನೆಯ ಕನ್ನಡಕ್ಕೆ ತಂದು ಹೇಳುತ್ತಿದ್ದೇನೆ.

ಮೀಸೆ

ಡ್ರೈವಿಂಗ್ ಲೈಸೆನ್ಸ್ ಅಂಚೆಯಲ್ಲಿ ಬಂತು. ಹೆಸರು ನನ್ನದು, ವಿಳಾಸ ನನ್ನದು. ಫೋಟೋದಲ್ಲಿ ಮಾತ್ರ ನಲವತ್ತರ ಆಸುಪಾಸಿನ ಒಬ್ಬ ಗಂಡಸು, ದಪ್ಪ ಮೀಸೆ.

"ಯಾರೇ ಇದು? ಒಳ್ಳೇ ಕಳೆಯಾಗಿದ್ದಾರೆ," ಅಂದರು ಅಮ್ಮ.

ಅಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ಸೇಲಂ ದೊಡ್ಡಪ್ಪನ ಕಡೆಯ ಮೂಗು," ಅಂದರು.

ಆರ್‌ಟಿಒ ಆಫೀಸಿಗೆ ಹೋಗಿ ಕಿಟಕಿಯಲ್ಲಿ ಕಾರ್ಡನ್ನು ಒಳಗೆ ತಳ್ಳಿ ಸುಮ್ಮನೆ ನಿಂತೆ. ಒಳಗಿದ್ದ ಮೇಡಂ ಕಾರ್ಡ್ ನೋಡಿದರು, ನನ್ನನ್ನು ನೋಡಿದರು, ಮತ್ತೆ ಕಾರ್ಡ್ ನೋಡಿದರು.

"ಇದು ನೀವಲ್ವಾಮ್ಮಾ?"

ಅಲ್ಲ ಅಂತ ತಲೆಯಾಡಿಸಿದೆ.

"ಹಳೇ ಫೋಟೋ ಏನಾದರೂ ಕೊಟ್ಟಿದ್ರಾ?"

ಅಷ್ಟರಲ್ಲಿ ನನ್ನ ಬೆನ್ನಹಿಂದೆ ಒಂದು ದನಿ ಏರಿತು. ತಿರುಗಿದರೆ, ಅದೇ ಮೀಸೆ. ಅವರ ಕೈಯಲ್ಲಿದ್ದ ಲೈಸೆನ್ಸಿನಲ್ಲಿ ನಾನು ಕಣ್ಣರಳಿಸಿಕೊಂಡು ಕೂತಿದ್ದೆ.

"ಮೇಡಂ, ಈ ಹುಡುಗಿ ಯಾರು ಅಂತ ನಮ್ಮನೆಯವಳು ಕೇಳ್ತಾನೇ ಇದ್ದಾಳೆ. ಸರ್ಕಾರ ಕಳಿಸಿದ್ದು ಅಂದ್ರೆ ನಂಬ್ತಾ ಇಲ್ಲ."

ನಮ್ಮಿಬ್ಬರ ಪರವಾಗಿಯೂ ಅವರೇ ಕೂಗಾಡಿದರು. ನಾನು ಜೊತೆಗೆ ತಲೆಯಾಡಿಸಿದೆ. ಮೇಡಂ ಎರಡೂ ಕಾರ್ಡ್ ವಾಪಸ್ ತೆಗೆದುಕೊಂಡು, ಹೊಸದು ಕಳಿಸುತ್ತೇವೆ ಅಂತ ಬರೆದುಕೊಟ್ಟರು. ಹೊರಗೆ ಬಂದಮೇಲೆ ಮೀಸೆಯವರು ಹೆಂಡತಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. ನಡೆದದ್ದನ್ನು ನಾನೇ ಹೇಳಿಬಿಡಬೇಕಂತೆ. "ಹಲೋ" ಅಂದೆ. ಆಮೇಲೆ ಮಾತೇ ಹೊರಡಲಿಲ್ಲ. ಮೀಸೆಯವರು ಬೆವರು ಒರೆಸಿಕೊಂಡು ಕೈಮುಗಿದರು.

"ಏನಾದ್ರೂ ಹೇಳಿಮ್ಮಾ. ನೀವು ಸುಮ್ಮನಿದ್ರೆ ನಿಜ ಅಂದ್ಕೊಳ್ತಾಳೆ."

ಕುಂಕುಮದ ಕೆಳಗೆ

ಲೈಸೆನ್ಸ್ ಸರಿಯಾಯಿತಲ್ಲ, ಇನ್ನು ಆಫೀಸಿಗೆ ಸ್ಕೂಟರಿನಲ್ಲೇ ಹೋಗಬಹುದು ಅಂತ ಹಿಗ್ಗಿದೆ. ನನ್ನ ಆಫೀಸ್ ಇರುವುದು ಶೋಳಿಂಗನಲ್ಲೂರಿನಲ್ಲಿ. ಕಂಪನಿಯ ಕ್ಯಾಬ್ ಊರಲ್ಲಿರುವವರನ್ನೆಲ್ಲ ಹೆಕ್ಕಿಕೊಂಡು ಹೋಗುವಷ್ಟರಲ್ಲಿ ಬೆಳಗಿನ ತಿಂಡಿ ಅರಗಿ ಮತ್ತೆ ಹಸಿವಾಗುತ್ತಿತ್ತು. ಕ್ಯಾಬಿನಲ್ಲಿ ಎಲ್ಲರೂ ನನ್ನನ್ನು ಮಾತಾಡಿಸುತ್ತಾರೆ, ಅದು ಬೇರೆ.

ಪಾರ್ಕಿಂಗ್ ಪಾಸಿಗೆ ಆರ್‌ಸಿ ತೋರಿಸಿ ಅಂದರು. ಆ ಕಾರ್ಡು ಸ್ಕೂಟರಿನ ಹಿಂದೆಯೇ ಬಂದಿತ್ತು. ಬಂದ ದಿನ ಅಮ್ಮ ದೇವರ ಮುಂದಿಟ್ಟು ಮೇಲಿಂದ ಕೆಳಗಿನವರೆಗೆ ಅರಿಶಿನ ಕುಂಕುಮ ಹಚ್ಚಿದ್ದರು. ಅದನ್ನು ಒರೆಸಿ ಓದುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಗೇಟಿನ ಸೆಕ್ಯುರಿಟಿ ಹೆಬ್ಬೆರಳಿನಲ್ಲಿ ಕುಂಕುಮ ಉಜ್ಜಿ, ಓದಿ, ವಿನಯದಿಂದ ಹೇಳಿದರು:

"ಮೇಡಂ, ಬಸ್ ಪಾರ್ಕಿಂಗ್ ಹಿಂದಗಡೆ."

ನಾನು ನಕ್ಕೆ. ಅವರು ನಗಲಿಲ್ಲ. ಕಾರ್ಡ್ ತಿರುಗಿಸಿ ತೋರಿಸಿದರು. ನಂಬರು ನನ್ನ ಸ್ಕೂಟರಿನದೇ, ಬಣ್ಣವೂ ಅದೇ. ವಾಹನದ ವರ್ಗ: ಬಸ್. ಸೀಟು: ಐವತ್ತೆರಡು. ಕಾರ್ಡಿಗೂ ಗಾಡಿಗೂ ತಾಳೆಯಾಗುವವರೆಗೆ ಪಾಸ್ ಇಲ್ಲ ಅಂದರು.

ಮನೆಯಲ್ಲಿ ಅಪ್ಪ ಸಂದರ್ಭ ಬಿಡಲಿಲ್ಲ. "ಅವತ್ತು ಮೀಸೆಯೋರು ಸಿಕ್ಕಿದ್ದಕ್ಕೆ ಬಚಾವಾದೆ. ಇವತ್ತು ನಿನ್ನ ಪರವಾಗಿ ಯಾರು ಕೂಗ್ತಾರೆ? ಬಾಯಿಬಿಟ್ಟು ಕೇಳೋದನ್ನ ಕಲಿ. ನೀನೊಬ್ಬಳೇ ಹೋಗಿ ಸರಿ ಮಾಡಿಸ್ಕೊಂಡು ಬಂದ್ಯೋ, ಸ್ಕೂಟರ್ ವಂಡಿ ನಿಂದು. ಇಲ್ವೋ, ಕೊಯಮತ್ತೂರಿಗೆ ಕಳಿಸ್ತೀನಿ. ನಿನ್ನ ತಮ್ಮ ಕಾಲೇಜಿಗೆ ಓಡಿಸ್ತಾನೆ. ಅವನಾದ್ರೆ ಜಗಳ ಆಡಿ ತಿದ್ದಿಸ್ಕೊಳ್ತಾನೆ."

ಅಪ್ಪ ಹೇಳಿದರೆ ಹೇಳಿದ ಹಾಗೆ. ಅಮ್ಮನ ಸಂಕಟ ಬೇರೆ.

"ಐವತ್ತೆರಡು ಸೀಟು ಇಟ್ಕೊಂಡು, ನನ್ನೊಬ್ಬಳನ್ನ ಹಿಂದೆ ಕೂರಿಸ್ಕೊಂಡ್ರೆ ಬ್ಯಾಲೆನ್ಸ್ ತಪ್ಪತ್ತೆ ಅಂತೀಯಲ್ಲೇ."

ಮೇಲೆ, ಕೆಳಗೆ

ಆರ್‌ಟಿಒ ಆಫೀಸಿನ ಕೆಳಗಿನ ಮಹಡಿಯಲ್ಲಿ ಟೂ ವೀಲರ್ ಕಿಟಕಿ. ನಂಬರ್ ಒತ್ತಿ ನೋಡಿದವರು, "ಇದು ಬಸ್. ಮೇಲೆ ಹೋಗಿ," ಅಂದರು. ಮೇಲಿನ ಮಹಡಿಯಲ್ಲಿ ಬಸ್ಸು ಲಾರಿಗಳ ಮೇಜು. ಅಲ್ಲಿದ್ದ ಗುಮಾಸ್ತರು ನಾನು ಬೆರಳು ತೋರಿಸಿದ ಕಡೆ ಕಿಟಕಿಯಿಂದ ಬಗ್ಗಿ ನೋಡಿ, "ಅದು ಸ್ಕೂಟರ್. ಕೆಳಗೆ ಹೋಗಿ," ಅಂದರು. ಇಬ್ಬರು ಹೇಳಿದ್ದೂ ಸರಿಯೇ. ಒಬ್ಬರು ಕಂಪ್ಯೂಟರ್ ನೋಡಿದ್ದರು, ಇನ್ನೊಬ್ಬರು ಗಾಡಿ ನೋಡಿದ್ದರು.

ಹತ್ತಿ ಇಳಿದು ಸಾಕಾಗಿ, ಕೊನೆಗೆ ಮೇಲಿನ ಮೇಜಿನ ಪಕ್ಕ ನಿಂತುಬಿಟ್ಟೆ. ಸಂಕೋಚದವರಿಗೆ ಜಗಳ ಬರುವುದಿಲ್ಲ, ನಿಲ್ಲುವುದು ಬರುತ್ತದೆ. ಗುಮಾಸ್ತರು ಟಿಫನ್ ಡಬ್ಬಿ ಬಿಚ್ಚಿದರು, ನನ್ನನ್ನು ನೋಡಿ ಮುಚ್ಚಿದರು. ಮತ್ತೆ ಬಿಚ್ಚಿದರು. ಎದುರಿಗೆ ಒಂದು ಹುಡುಗಿ ಮಾತಿಲ್ಲದೆ ನಿಂತಿದ್ದರೆ ಮೊಸರನ್ನ ಇಳಿಯುವುದು ಕಷ್ಟ.

"ಸರಿ, ಕೂತ್ಕೊಳ್ಳಿಮ್ಮಾ," ಅಂತ ಸೋತರು.

ಬಸ್ಸನ್ನು ಸ್ಕೂಟರ್ ಮಾಡಬೇಕಾದರೂ ಮೊದಲು ಬಸ್ಸಿನ ಪ್ರಶ್ನೆಗಳಿಗೆಲ್ಲ ಉತ್ತರ ತುಂಬಬೇಕಂತೆ. ಒಂದು ಖಾಲಿ ಬಿಟ್ಟರೂ ಕಂಪ್ಯೂಟರ್ ಮುಂದಕ್ಕೆ ಹೋಗುವುದಿಲ್ಲ.

"ರೂಟು?"

"ಮನೆಯಿಂದ ಗಿಂಡಿ, ಗಿಂಡಿಯಿಂದ ಶೋಳಿಂಗನಲ್ಲೂರ್."

ಹಾಗೇ ಟೈಪ್ ಮಾಡಿದರು. "ಬಾಗಿಲು ಎಷ್ಟು?"

"ಇಲ್ಲ ಸಾರ್."

"ಸೊನ್ನೆ ತಗೊಳ್ಳಲ್ಲಮ್ಮಾ. ಒಂದು ಹಾಕ್ತೀನಿ. ನಿಂತುಕೊಂಡು ಹೋಗೋ ಪ್ರಯಾಣಿಕರು?"

ಅವರೇ ಕರುಣೆ ತೋರಿಸಿದರು.

"ಸಿಗ್ನಲ್‌ನಲ್ಲಿ ಕಾಲೂರಿ ನಿಲ್ತೀರಲ್ಲ. ಒಬ್ಬರು ಅಂತ ಹಾಕೋಣ."

ಬಸ್ಸುಗಳ ಸಾಲಿನಲ್ಲಿ

ಎಲ್ಲ ತುಂಬಿ ಆದಮೇಲೆ ಗುಮಾಸ್ತರು ಹೇಳಿದ್ದು ಇಷ್ಟು. ನನ್ನ ಬಸ್ಸನ್ನು ಎಫ್‌ಸಿಗೆ ತರಬೇಕು. ಎಫ್‌ಸಿ ಅಂದರೆ ಬಸ್ಸು ಲಾರಿಗಳು ರಸ್ತೆಗೆ ಲಾಯಕ್ಕು ಅಂತ ಕೊಡುವ ಸರ್ಟಿಫಿಕೇಟು. ಅಲ್ಲಿ ಬ್ರೇಕ್ ಇನ್ಸ್‌ಪೆಕ್ಟರ್ ಕಣ್ಣಾರೆ ನೋಡಿ, ಇದು ಸ್ಕೂಟರ್ ಅಂತ ಬರೆದರೆ ಮಾತ್ರ ಕಾರ್ಡ್ ಬದಲಾಗುತ್ತದೆ.

ಮೈದಾನದಲ್ಲಿ ಸ್ಕೂಲ್ ಬಸ್ಸುಗಳು, ನೀರಿನ ಲಾರಿಗಳು ಮಿಂದು ಮಡಿಯುಟ್ಟು ಸಾಲಾಗಿ ನಿಂತಿದ್ದವು. ಟೈರಿಗೆಲ್ಲ ಕಪ್ಪು ಬಣ್ಣ, ಮುಂದೆ ನಿಂಬೆಹಣ್ಣು ಮೆಣಸಿನಕಾಯಿ. ನಾನು ಒಂದು ಹಳದಿ ಬಸ್ಸಿನ ಹಿಂದೆ ಸೇರಿಕೊಂಡೆ. ನನ್ನ ಹಿಂದಿನ ಬಸ್ಸಿನ ಡ್ರೈವರ್ ಅಣ್ಣ ಕಿಟಕಿಯಿಂದ ಬಗ್ಗಿದರು.

"ಏನಮ್ಮಾ, ಒಗೆದಿದ್ದಕ್ಕೆ ಬಸ್ ಕುಗ್ಗಿಹೋಯ್ತಾ?"

ಇನ್ಸ್‌ಪೆಕ್ಟರ್ ಕಪ್ಪು ಕನ್ನಡಕ ಹಾಕಿಕೊಂಡು, ಕೈಯಲ್ಲಿದ್ದ ಹಾಳೆಯಿಂದ ತಲೆ ಎತ್ತದೆ ಬಂದರು.

"ಫಸ್ಟ್ ಏಡ್ ಬಾಕ್ಸ್?"

"ಇಲ್ಲ ಸಾರ್."

"ಬೆಂಕಿ ಆರಿಸೋ ಸಿಲಿಂಡರ್?"

"ಇಲ್ಲ ಸಾರ್."

"ಎಮರ್ಜೆನ್ಸಿ ಎಕ್ಸಿಟ್?"

ನಾನು ಸ್ಕೂಟರಿನ ಆ ಕಡೆ ಈ ಕಡೆ ನೋಡಿದೆ. "ಎಲ್ಲಾ ಕಡೆನೂ ಇದೆ ಸಾರ್."

ಡ್ರೈವರ್‌ಗಳು ನಕ್ಕರು. ಆಗ ಇನ್ಸ್‌ಪೆಕ್ಟರ್ ತಲೆ ಎತ್ತಿದರು. ನಗು ಕೇಳಿದ್ದೇ ಅವರಿಗೆ ಆಗಲಿಲ್ಲ.

"ಸಿಸ್ಟಮ್‌ನಲ್ಲಿ ಬಸ್ ಅಂತ ಇದೆ. ಬಸ್ಸಿಗೆ ಬೇಕಾದ್ದು ಒಂದೂ ಇಲ್ಲ. ಫೇಲ್. ಫೇಲಾದ ವಂಡೀನ ರೋಡಿಗೆ ಬಿಡೋ ಹಾಗಿಲ್ಲ. ಇಲ್ಲೇ ನಿಲ್ಲಿಸಿ ಕೀ ಕೊಡಿ. ಲೈಸೆನ್ಸ್ ಎಲ್ಲಿ?"

ಕೊಟ್ಟೆ.

"ಇದು ಟೂ ವೀಲರ್ ಲೈಸೆನ್ಸ್. ಇದರಲ್ಲಿ ಬಸ್ ಓಡಿಸ್ಕೊಂಡು ಬಂದ್ರಾ? ಅದಕ್ಕೆ ಬೇರೆ ಕೇಸು."

ಕೀಗಾಗಿ ಕೈಚಾಚಿದರು. ಆ ಅಂಗೈ ಮೇಲೆ ಕೀ ಇಟ್ಟರೆ ನನ್ನ ಸ್ಕೂಟರ್ ಸೀದಾ ಕೊಯಮತ್ತೂರಿಗೆ, ನಾನು ಸೀದಾ ಕ್ಯಾಬಿಗೆ. ಕೀಯನ್ನು ಮುಷ್ಟಿಯಲ್ಲಿ ಬಿಗಿಹಿಡಿದೆ. ಮಾತು ಅದರ ಪಾಡಿಗೆ ಅದು ಬಂತು.

"ಸಾರ್, ಈ ಲೈಸೆನ್ಸಿಗೆ ಟೆಸ್ಟ್ ತಗೊಂಡೋರು ನೀವೇ. ಇದೇ ಮೈದಾನದಲ್ಲಿ, ಇದೇ ವಂಡೀಲಿ."

"ದಿನಾ ಎಷ್ಟೋ ಜನ ಬರ್ತಾರೆ. ಯಾರನ್ನ ಅಂತ ನೆನಪಿಟ್ಕೊಳ್ಳಲಿ?"

"ನಾನು ಎಂಟು ಹಾಕ್ತಿದ್ದಾಗ ದಾರೀಲಿ ಹಸು ಮಲಗಿತ್ತು ಸಾರ್. ಹಾರ್ನ್ ಮಾಡೋಕೆ ಸಂಕೋಚ ಆಗಿ, ಅದು ಏಳೋವರೆಗೂ ನಿಂತಿದ್ದೆ."

ಇನ್ಸ್‌ಪೆಕ್ಟರ್ ಕಪ್ಪು ಕನ್ನಡಕ ತೆಗೆದರು. "ಆ ಹುಡುಗಿ ನೀವಾ? ಅವತ್ತು ನನ್ನ ಊಟದ ಹೊತ್ತೇ ಹೋಯ್ತಲ್ಲಮ್ಮಾ."

"ಹೌದು ಸಾರ್. ಈಗ ಇದು ಬಸ್ ಅಂತಾದ್ರೆ, ಬಸ್‌ನಲ್ಲಿ ಎಂಟು ಹಾಕಿದವಳಿಗೆ ನೀವು ಸ್ಕೂಟರ್ ಲೈಸೆನ್ಸ್ ಕೊಟ್ಟಿದ್ದೀರಿ. ಸ್ಕೂಟರ್ ಅಂತಾದ್ರೆ, ನಮ್ಮಿಬ್ಬರಿಗೂ ಏನೂ ತೊಂದ್ರೆ ಇಲ್ಲ."

ಅವರು ನನ್ನ ಗಾಡಿಯನ್ನು ಈಗಷ್ಟೇ ನೋಡುತ್ತಿರುವವರಂತೆ ಒಂದು ಸುತ್ತು ಬಂದರು. ಬಗ್ಗಿ ಚಕ್ರ ಎಣಿಸಿದರು. ಎರಡೇ ಇದ್ದವು. 'ಪರಿಶೀಲಿಸಲಾಗಿದೆ, ಇದು ಬಸ್ ಅಲ್ಲ' ಅಂತ ಬರೆದು, ಸಹಿ ಹಾಕಿ, ಸೀಲೊತ್ತಿದರು. ಸಾಲಿನಲ್ಲಿದ್ದ ಬಸ್ಸುಗಳೆಲ್ಲ ಹಾರ್ನ್ ಹೊಡೆದವು. ಹಿಂದಿನ ಡ್ರೈವರ್ ಅಣ್ಣ ಇಳಿದು ಓಡಿ ಬಂದರು.

"ಸಾರ್, ಹಂಗೇ ನಂದನ್ನೂ ಬಸ್ ಅಲ್ಲ ಅಂತ ಬರೆದುಬಿಡಿ. ಸಿಲಿಂಡರ್ ಖಾಲಿ ಇದೆ."

ಅಪ್ಪನ ಕಾರು

ಹೊಸ ಆರ್‌ಸಿ ಬಂದಾಗ, ಈ ಸಲ ಕುಂಕುಮಕ್ಕೆ ಮೊದಲು ಮನೆಮಂದಿಯೆಲ್ಲ ಓದಿದೆವು. ಸ್ಕೂಟರ್, ಎರಡು ಸೀಟು. ಅಪ್ಪ ಮಾತಿಗೆ ತಪ್ಪಲಿಲ್ಲ. ಕೊಯಮತ್ತೂರಿಗೆ ಫೋನ್ ಮಾಡಿ, "ವಂಡಿ ಅಕ್ಕನ್ದೇ ಕಣೋ, ನೀನು ಬಸ್‌ನಲ್ಲಿ ಹೋಗು," ಅಂದರು.

ಆಮೇಲೆ ನನ್ನನ್ನು ಎದುರಿಗೆ ಕೂರಿಸಿಕೊಂಡು ಎಲ್ಲ ಕೇಳಿದರು. ಇನ್ಸ್‌ಪೆಕ್ಟರ್ ಏನಂದರು, ನಾನು ಏನಂದೆ, ಆಗ ಧ್ವನಿ ನಡುಗಲಿಲ್ಲವೇ, ಕೈ ಎಲ್ಲಿಟ್ಟುಕೊಂಡಿದ್ದೆ. ಹಸುವಿನ ಭಾಗವನ್ನು ಮತ್ತೆ ಹೇಳಿಸಿದರು. ಎದ್ದು ಹೋಗಿ, ಬೀರುವಿನಲ್ಲಿ ಪಂಚೆಗಳ ಅಡಿಯಿಂದ ಇನ್ನೊಂದು ಕಾರ್ಡ್ ತಂದರು. ಅಪ್ಪ ನಮ್ಮನ್ನೆಲ್ಲ ಮದುವೆಮನೆಗೂ ಮಠಕ್ಕೂ ಕರೆದುಕೊಂಡು ಹೋಗುವ ನಮ್ಮ ಪುಟ್ಟ ಕಾರಿನ ಆರ್‌ಸಿ ಅದು.

"ಇದನ್ನೂ ಒಂಚೂರು ನೋಡು ಪುಟ್ಟಿ."

ನೋಡಿದೆ. ವಾಹನದ ವರ್ಗ: ಟ್ರ್ಯಾಕ್ಟರ್.

"ಯಾವಾಗಿಂದ ಅಪ್ಪಾ?"

"ತಗೊಂಡಾಗಿಂದ. ನೀನಾಗ ಸ್ಕೂಲಲ್ಲಿದ್ದೆ."

"ಮತ್ತೆ ನೀವು ಯಾಕೆ ಹೋಗಿ ಕೇಳಲಿಲ್ಲ?"

ಅಪ್ಪ ತಲೆಯೆತ್ತಿ ಫ್ಯಾನ್ ನೋಡಿದರು. "ಹೋಗಿದ್ದೆ. ಕ್ಯೂನಲ್ಲಿ ನಿಂತು ನನ್ನ ಸರದೀನೂ ಬಂತು. ಟೈಮ್ ಎಷ್ಟು ಅಂತ ಕೇಳಿ ವಾಪಸ್ ಬಂದೆ."

ಅಡುಗೆಮನೆಯಿಂದ ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದು, ಕಾರ್ಡನ್ನು ಕಣ್ಣಿಗೆ ದೂರ ಹಿಡಿದು ಓದಿದರು. ಆಮೇಲೆ ಅಪ್ಪನ ಕೈಗೇ ವಾಪಸ್ ಕೊಟ್ಟರು.

"ಇದನ್ನ ಯಾಕ್ರೀ ತಿದ್ದಿಸ್ತೀರಿ? ನೀವು ಓಡಿಸೋದನ್ನ ನೋಡೇ ಬರೆದಿರೋದು."