ಹೆಚ್ಚಾದ ಬಳಿ

ಎಂಟು ದಿನಾ ಎಲ್ಲಾ ಸುರಳೀತ ನಡದೈತಿ ಅಂತ ನನಗ ಅನಸಿತಂದ್ರ, ಎಲ್ಲೋ ಏನೋ ಕೆಟ್ಟೈತಿ, ನನಗಿನ್ನೂ ಗೊತ್ತಾಗಿಲ್ಲ ಅಂತ ತಿಳೀಬೇಕು. ನನ್ನ ಕೆಲಸಾನ ಹಂಗ. ಅಂಗಡಿ ಕಂಪ್ಯೂಟರಿನ ಡೇಟಾಬೇಸಿನ್ಯಾಗ ಯಾವ ಮಾಲು ಎಷ್ಟೈತಿ ಅಂತ ಇರತೈತಲ್ಲ, ಅದು ಮಾಲಕರ ಮೊಬೈಲಿನ್ಯಾಗ ಆಗಿಂದಾಗ ಕಾಣೂಹಂಗ ಆಪ್ ಮಾಡಿ ಕೊಡತೀನಿ. ಕೋಡ್ ಬರಿಯೂದು ಭಾಳ ಇಲ್ಲ. ಪರದೆ ಮ್ಯಾಲ ಡಬ್ಬಿ ಎಳದು ಇಡೂದು, ಗೆರಿ ಕೂಡಸೂದು. ಬೆಳಗಾವಿ ರಾಮತೀರ್ಥ ನಗರದ ನಮ್ಮ ಮನ್ಯಾಗ ಇದನ್ನ ನೋಡಿ ನಮ್ಮಾಕಿ, ಚುಕ್ಕಿ ರಂಗೋಲಿ ನಾನೂ ಹಾಕತೀನಿ, ನನಗ್ಯಾರೂ ಇಂಜಿನಿಯರ್ ಅನ್ನಂಗಿಲ್ಲ ಅಂತಾಳ.

ಈಗ ಹೇಳೂ ಮೂರೂ ಪ್ರಸಂಗ ಖಾನಾಪುರದ ಒಂದ ಗಾಜಿನ ಬಳಿ ಅಂಗಡ್ಯಾಗ ಆದವು. ಅಲ್ಲಿ ಇರೂದು ಇಬ್ಬರು: ಮಾಲಕರು, ಮತ್ತ ತಲಿ ಬೆಳ್ಳಗ ಆಗೂತನಕ ಅಲ್ಲೇ ಮಂದಿಗೆ ಬಳಿ ಇಡಿಸಿದ ಹೆಣಮಗಳು; ಎಲ್ಲಾರೂ ಆಕಿಗೆ ಮಾವಶಿ, ಅಂದ್ರ ಚಿಗವ್ವ, ಅಂತಾರ. ಯಾವ ಬಳಿ ಎಷ್ಟೈತಿ ಅನ್ನೂದೆಲ್ಲಾ ಮಾವಶಿ ಲೆಕ್ಕದ ವಹಿಯೊಳಗ ಇರತಿತ್ತು. ಬೀಡಿ ಅನ್ನೂ ಊರಿನ ಒಂದ ಮದಿವಿ ಮನಿಗೆ ನಲವತ್ತು ಡಜನ್ ಹಸರ ಗಾಜಿನ ಬಳಿ ಕೊಡತೀನಿ ಅಂತ ಮಾಲಕರು ಮಾತು ಕೊಟ್ಟಿದ್ರು. "ಆ ಮದಿವೀತನಕ ನಿಮ್ಮ ಆಪ್ ನೋಡತೀನಿ. ನನ್ನ ಮಾತು ಉಳೀತಂದ್ರ ಅದು ಇರಲಿ. ಇಲ್ಲಂದ್ರ ಮಾವಶಿ ವಹೀನ ಸಾಕು" ಅಂದ್ರು.

ಟೆಸ್ಟಕರ ಮನಿ

ಆಪ್ ಸರಿ ಐತೋ ಇಲ್ಲೋ ನೋಡಾಕ ಡೇಟಾಬೇಸಿಂದು ಒಂದ ನಕಲು ಇಟ್ಟಿರತೀವಿ. ನಾ ನಕಲು ಅಂತ ತಿಳಕೊಂಡು ಅಸಲಿನ್ಯಾಗ ಒಂದ ಸುಳ್ಳ ಆರ್ಡರ್ ಹಾಕಿದೆ. ಹೆಸರು: ಟೆಸ್ಟ್. ಊರು: ಗುಂಜಿ. ಮಾಲು: ಕೆಂಪ ಬಳಿ, ಎರಡು ಡಜನ್.

ಅದು ಮಾವಶಿ ಮೊಬೈಲಿನ್ಯಾಗ ಟಣ್ ಅಂತು. ಆಕಿ ಚಂದಾಗಿ ಕಟ್ಟಿ ಗುಂಜಿಗೆ ಹೊಂಟ ಟೆಂಪೋದಾಗ ಕಳಿಸೇ ಬಿಟ್ಲು. ನಮ್ಮ ಕಡೆ ಗುಂಜೀಕರ, ಬೀಡೀಕರ ಅಂತ ಅಡ್ಡಹೆಸರು ಇರತಾವಲ್ಲ, ಹಂಗ ಇವರು ಟೆಸ್ಟಕರ ಇರಬೇಕು, ಅವಸರದಾಗ ಅರ್ಧಾ ಬರದಾರ ಅಂತ ತಿಳದಿದ್ಲು. ಟೆಂಪೋದವ ಗುಂಜಿ ಸ್ಟೇಷನ್ ಮುಂದ ನಿಂತು, ಟೆಸ್ಟಕರ ಮನಿ ಯಾವದು ಅಂತ ಬಂದ ಬಂದವರಿಗೆಲ್ಲಾ ಕೇಳ್ಯಾನ.

ಸಂಜಿಕ ಪಾಕೀಟು ತಿರಗಿ ಬಂತು. ತಪ್ಪು ಒಪ್ಪಿಕೊಳ್ಳಾಕ ನಾ ಬಾಯಿ ತಗಿಯೂದ್ರಾಗ ಮಾವಶಿ ಅಂದ್ಲು: "ಟೆಸ್ಟಕರ ಊರು ಬಿಟ್ಟು ಗೋವಾಕ್ಕ ಹೋಗ್ಯಾರಂತ್ರಿ. ಮಂದಿ ಭಾಳ ಚೊಲೊ ಇದ್ರಂತ."

ಲೈವ್

ಮಾಲಕರಿಗೆ 'ಲೈವ್' ಅಂದ್ರೇನು ಅಂತ ತೋರಸಬೇಕಿತ್ತು. ಇಲ್ಲಿ ಮಾವಶಿ ಒಂದ ಡಜನ್ ಮಾರಿದ್ರ ನಿಮ್ಮ ಕೈಯಾಗಿನ ಅಂಕಿ ತಾನ ಇಳೀತೈತಿ, ಕ್ರಿಕೆಟ್ ಸ್ಕೋರ್ ಇದ್ದಂಗ, ಅಂತ ಹೇಳಿ ನನ್ನ ಮೊಬೈಲ್ ಅವರ ಕೈಯಾಗ ಕೊಟ್ಟೆ.

ಮಾವಶಿ ಒಂದ ಡಜನ್ ಮಾರಿದ್ಲು. ಅಂಕಿ ಇಳೀಲಿಲ್ಲ. ನೆಟ್‌ವರ್ಕ್ ಸಾವಕಾಶ ಐತಿ ಅಂದೆ. ಇನ್ನೊಂದ ಡಜನ್ ಹೋತು. ಇಳೀಲಿಲ್ಲ. ನಾ ಮೊಬೈಲ್ ಇಸಗೊಂಡು ಬಾಗಲದಾಗ ನಿಂತೆ, ಆಮ್ಯಾಲ ಕಟ್ಟಿ ಮ್ಯಾಲ, ಆಮ್ಯಾಲ ರಸ್ತೇಕ್ಕ ಇಳದು ಕೈ ಮ್ಯಾಲೆತ್ತಿ ನಿಂತೆ. ಒಂದ ಎಮ್ಮಿ ಬಾಜೂಕ ಹಾದು ಹೋತು, ಅಂಕಿ ಮಾತ್ರ ಅಳಗಾಡಲಿಲ್ಲ.

ಅರ್ಧಾ ತಾಸಾದ ಮ್ಯಾಲ ಮಾವಶಿ ಚಷ್ಮಾ ಏರಿಸಿ ನೋಡಿದ್ಲು. ನಾ ತೋರಸಾಕತ್ತಿದ್ದು ಆಪ್ ಅಲ್ಲ. ಹಿಂದಿನ ದಿನಾ ನಾನ ತಗದಿಟ್ಟಿದ್ದ ಆಪ್ ಪರದೆಯ ಫೋಟೋ.

ಮಾಲಕರು ಸಿಟ್ಟಿಗೇಳಲಿಲ್ಲ. "ಇದು ಲೈವ್ ಇಲ್ರಿ ಸಾಹೇಬ್ರ. ಒಂದ ಹಾರ ತರಸ್ತೀನಿ, ಈ ಫೋಟೋಕ್ಕ ಹಾಕೂಣು" ಅಂದ್ರು.

ಹೆಚ್ಚಾತು

ಮುಂದ ಆಪ್ ಖರೇನ ಲೈವ್ ಆತು. ಮಾವಶಿಗೆ ಅನುಕೂಲ ಆಗಲಿ ಅಂತ ಎರಡು ದೊಡ್ಡ ಬಟನ್ ಇಟ್ಟೆ. ಹೊಸಾ ಮಾಲು ಬಂದ್ರ 'ಹೆಚ್ಚಾತು'. ಮಾರಿದ್ರ, ಒಡದ್ರ 'ಕಡಿಮಿ ಆತು'. ಇದಕ್ಕಿಂತ ಸರಳ ಕನ್ನಡ ಇಲ್ಲ ಅಂತ ನನಗ ಭಾಳ ಅಭಿಮಾನ ಇತ್ತು.

ಹಸರ ಬಳಿ ಅಂಕಿ ದಿನಾ ಸ್ವಲ್ಪ ಸ್ವಲ್ಪ ಏರತಿತ್ತು. ಬೀಡಿಯವರು ಒಯ್ಯಾಕ ಬಂದ ದಿನಾ ಮಾಲಕರು ಮೊಬೈಲ್ ತೋರಿಸಿ, ನಲವತ್ತಲ್ಲ, ನಲವತ್ತಾರು ಡಜನ್ ಅದಾವ ನೋಡ್ರಿ ಅಂದ್ರು. ಮಾವಶಿ ಪೆಟಗಿ ತಗದು ಎಣಿಸಿದ್ಲು. ಮೂವತ್ನಾಲ್ಕು. ಸಂಜಿಕ ಬೀಡಿಯೊಳಗ ಬಳಿ ಇಡಸೂ ಕಾರ್ಯ.

ನಾ ಆಪ್ ತಪಾಸ ಮಾಡಿದೆ, ಡೇಟಾಬೇಸ್ ತಪಾಸ ಮಾಡಿದೆ. ಎಲ್ಲಾ ಸರಿ ಐತಿ. ಕಡೀಕ ಕೇಳಿದೆ: "ಮಾವಶಿ, ಬಳಿ ಒಡದಾಗ ಯಾವ ಬಟನ್ ಒತ್ತತಿದ್ರಿ?"

ಮದಿವಿ ಮನಿಯವರ ಮುಂದ ಬಳಿ 'ಒಡದಾಗ' ಅಂದುಬಿಟ್ಟಿದ್ದೆ.

"ಏನ ಮಾತ್ರಿ ಇದು" ಅಂತ ಮಾವಶಿ ದನಿ ಇಳಿಸಿದ್ಲು. "ಮುತ್ತೈದಿ ಬಳಿಗೆ ಒಡದ್ವು, ಕಡಿಮಿ ಆದ್ವು ಅಂತಾರೇನು? ಹೆಚ್ಚಾದ್ವು ಅನಬೇಕು. ಹೆಚ್ಚಾದ್ವು, ಹೆಚ್ಚಾತು ಒತ್ತಿದೆ. ನಿಮ್ಮ ಮನ್ಯಾಗ ಏನಂತಾರ?"

ನಮ್ಮ ಮನ್ಯಾಗೂ ಹಂಗ ಅಂತಾರ. ನಮ್ಮವ್ವ ಅಂತಿದ್ಲು, ನಮ್ಮಾಕಿ ಅಂತಾಳ, ನಾನೂ ಅಂತೀನಿ. ಡೇಟಾಬೇಸಿಗೆ ಹೇಳೂದೊಂದ ಮರತಿದ್ದೆ. ಆರು ಡಜನ್ ಬಳಿ ಹೆಚ್ಚಾಗಿದ್ವು, ನನ್ನ ಆಪ್ ಅವನ್ನ ಭಕ್ತಿಯಿಂದ ಕೂಡಿಸಿತ್ತು.

ಬೀಡಿಯ ಹಿರಿಯರು ಮಾಲಕರ ಮಾರಿ ನೋಡಿದ್ರು. ಮಾಲಕರು ನನ್ನ ಮಾರಿ ನೋಡಿದ್ರು. ನಾ ಲ್ಯಾಪ್‌ಟಾಪ್ ಮಾರಿ ನೋಡಿದೆ. ಆಮ್ಯಾಲ ಎದ್ದು, ಆರು ಡಜನ್ ನಾ ತರತೀನಿ ಅಂತ ಬೆಳಗಾವಿ ಬಸ್ ಹತ್ತಿದೆ.

ಪ್ಯಾಟ್ಯಾಗ ಮೂರು ಅಂಗಡಿ ತಿರಗಿ ಅದ ಹಸರಿನ ಎಂಟು ಡಜನ್ ತಗೊಂಡೆ. ನನ್ನ ನಸೀಬ ನನಗ ಗೊತ್ತು, ಎರಡು ಜಾಸ್ತಿ ಇರಲಿ ಅಂತ. ತಿರಗಿ ಬರೂ ಬಸ್ಸಿನ್ಯಾಗ ಗದ್ದಲ. ಲ್ಯಾಪ್‌ಟಾಪ್ ಕೂಸಿನ್ಹಂಗ ತೊಡಿ ಮ್ಯಾಲ ಹಿಡಕೊಂಡು, ಬಳಿ ಪೆಟಗಿ ಕಾಲ ಬುಡಕ ಇಟ್ಟೆ. ಖಾನಾಪುರ ಹತ್ತರ ಬಂದಾಗ ಡ್ರೈವರ್ ಗಚ್ಚನ ಬ್ರೇಕ್ ಹಾಕಿದ. ಲ್ಯಾಪ್‌ಟಾಪಿಗೆ ಏನೂ ಆಗಲಿಲ್ಲ. ನನ್ನ ಕಾಲು ಪೆಟಗ್ಯಾಗ ಇತ್ತು. ಎಣಿಸಿದೆ. ಸರಿಯಾಗಿ ಆರು ಡಜನ್ ಉಳದಿದ್ವು.

ಅಷ್ಟರಾಗ ಮಾಲಕರ ಫೋನ್. ಬೀಡಿಯವರು ಇಲ್ಲೇ ಕುಂತಾರ, ಬಳಿ ಎಷ್ಟ ತಂದ್ರಿ ಅಂತ ಕೇಳಿದ್ರು. ಬಾಜೂಕ ಕುಂತ ಹೆಣಮಗಳು ನನ್ನ ಬಾಯೀನ ನೋಡಾಕತ್ತಿದ್ಲು. ಒಡದಾವ ಅನ್ನಾಕ ಧೈರ್ಯ ಆಗಲಿಲ್ಲ.

"ಎಂಟು ಡಜನ್ ತಗೊಂಡಿದ್ದೆ" ಅಂದೆ. "ಅದರಾಗ ಎರಡು ಹೆಚ್ಚಾಗ್ಯಾವ್ರಿ."

ಮಾಲಕರು ಭಾಳ ಸಾವಕಾಶ ಕೇಳಿದ್ರು: "ಅಂದ್ರ, ಯಾವ ಹೆಚ್ಚು, ಆಪ್ ಹೆಚ್ಚೋ, ಮಾವಶಿ ಹೆಚ್ಚೋ?"

"ಮಾವಶೀನ ಹೆಚ್ಚ್ರಿ" ಅಂದೆ.